ಗಂಧರ್ವನ ಮೇಲಿನ ಸಿಟ್ಟು

ನನಗೆ ಒಬ್ಬ ಗಂಧರ್ವನ ಮೇಲೆ ಸಿಟ್ಟಿದೆ. ಇದನ್ನು ಯಾರ ಹತ್ತಿರ ಹೇಳಿಕೊಂಡರೂ ಅವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಬೇವಿನ ಸೊಪ್ಪು ಎಲ್ಲಾದರೂ ಸಿಗುತ್ತದೆಯೇ ಎಂದು ಸುತ್ತಮುತ್ತ ನೋಡುತ್ತಾರೆ. ಮನುಷ್ಯರ ಮೇಲೆ ಸಿಟ್ಟು ಬಂದರೆ ಹೋಗಿ ಬೈದು ಬರಬಹುದು. ದೇವರ ಮೇಲೆ ಬಂದರೆ ಕರಿಘಟ್ಟ ಹತ್ತಿ ಎದುರಿಗೆ ನಿಂತು ಕೇಳಬಹುದು. ಹತ್ತುವಷ್ಟರಲ್ಲಿ ಏದುಸಿರು ಬಂದು ಸಿಟ್ಟು ಇಳಿದಿರುತ್ತದೆ ಅನ್ನುವುದು ಬೇರೆ ಮಾತು. ಆದರೆ ಕಥೆಯೊಳಗೆ ಮಾತ್ರ ಇರುವವನನ್ನು ಎಲ್ಲಿ ಹೋಗಿ ಹಿಡಿಯುವುದು? ಆ ಸಿಟ್ಟನ್ನೆಲ್ಲ ನಾನು ನಮ್ಮ ಮನೆಯ ಪಾತ್ರೆಗಳ ಮೇಲೆ ತೀರಿಸುತ್ತಿದ್ದೆ. ನಮ್ಮ ಯಜಮಾನರು ಅಕ್ಕಸಾಲಿಗರು. ಮನೆಯಲ್ಲಿ ಪಾತ್ರೆ ಸದ್ದಾದ ಕೂಡಲೇ ಊದುಗೊಳವೆಯನ್ನು ಬಾಯಿಗಿಟ್ಟುಕೊಂಡು ಅಗ್ಗಿಷ್ಟಿಕೆಯ ಕಡೆ ಬಾಗುತ್ತಿದ್ದರು. ಕೊಳವೆ ಬಾಯಲ್ಲಿರುವ ಗಂಡನಿಂದ ಉತ್ತರ ಬರುವುದಿಲ್ಲ. ಈ ಕಸುಬಿನಲ್ಲಿ ಚಿನ್ನಕ್ಕಿಂತ ದೊಡ್ಡ ಲಾಭ ಅದು.

ಗಂಧರ್ವನನ್ನು ನಮ್ಮ ಗಂಜಾಂ ಪೇಟೆಗೆ ಕರೆತಂದವನು ಬೆಳಗೊಳದ ಕಥೆ ಸಿದ್ದಪ್ಪ. ಪಟ್ಟಣಕ್ಕೆ ಮುತ್ತಿಗೆ ಬಿದ್ದು, ದಂಡು ಬಂದು, ಹೋಗಿ, ನಾವೆಲ್ಲ ಸುಟ್ಟ ಮನೆಗಳಿಗೆ ಹೊಸ ಹುಲ್ಲು ಹೊದಿಸಿಕೊಂಡು ಮತ್ತೆ ಕಸುಬು ಶುರುಮಾಡಿದ ಕಾಲ. ಎಲ್ಲರಿಗೂ ನಿಜ ಸಾಕಾಗಿತ್ತು. ಅಂಥ ಹೊತ್ತಿಗೆ ಸಿದ್ದಪ್ಪ ಸಂತೆಯ ದಿನ ಮಧ್ಯಾಹ್ನ ತಂಬೂರಿ ಹಿಡಿದು ಬಂದು ಕಾಳಮ್ಮನ ಗುಡಿಯ ಜಗಲಿಯಲ್ಲಿ ಕುಳಿತರೆ, ಬೀದಿಯ ಹೆಂಗಸರೆಲ್ಲ ರಾಗಿ ಹಸನು ಮಾಡುವ ನೆಪದಲ್ಲಿ ಮೊರ ಹಿಡಿದುಕೊಂಡು ಸೇರುತ್ತಿದ್ದರು. ರಾಗಿಯಲ್ಲಿ ಕಲ್ಲು ಉಳಿಯುತ್ತಿತ್ತು. ರಾತ್ರಿ ಮುದ್ದೆ ನುಂಗುವಾಗ ಹಲ್ಲಿಗೆ ಕಲ್ಲು ಸಿಕ್ಕಿದ ಗಂಡಸರಿಗೆ, ಇವತ್ತು ಗಂಧರ್ವ ಬಂದಿದ್ದ ಎಂದು ಗೊತ್ತಾಗುತ್ತಿತ್ತು.

ಕಥೆ ಇಷ್ಟೆ. ಒಬ್ಬ ರಾಜಕುಮಾರಿ ಕೊಳದಲ್ಲಿ ಮೀಯುತ್ತಿರುತ್ತಾಳೆ. ಮೋಡದ ಮೇಲೆ ಹೋಗುತ್ತಿದ್ದ ಗಂಧರ್ವ ಅವಳನ್ನು ಕಂಡು, ಜಡೆ ಹಿಡಿದು ಮೇಲೆತ್ತಿಕೊಂಡು ಹೋಗುತ್ತಾನೆ. ಅವಳು ಕೂಗಿಕೊಂಡಳು ಅನ್ನುವ ಕಡೆ ಸಿದ್ದಪ್ಪ ತಂಬೂರಿಯನ್ನು ಜೋರಾಗಿ ಮೀಟುತ್ತಿದ್ದ, ಹಾಗಾಗಿ ಆ ಕೂಗು ನಮಗ್ಯಾರಿಗೂ ಸರಿಯಾಗಿ ಕೇಳಿಸಲೇ ಇಲ್ಲ. ಗಂಧರ್ವ ಅವಳನ್ನು ಬಾಗಿಲೇ ಇಲ್ಲದ ಗಾಜಿನ ಅರಮನೆಯಲ್ಲಿ ಇಡುತ್ತಾನೆ. ತವರಿನ ಕಡೆ ನೋಡಿದರೆ ಆ ಕಡೆಯ ಗಾಜಿಗೆ ಮಂಜು ಕವಿಸುತ್ತಾನೆ. ಬಿಚ್ಚಲು ಬಾರದ ಕಡಗ ತೊಡಿಸುತ್ತಾನೆ. ಎದುರು ಮಾತಾಡಿದರೆ ಕಲ್ಲು ಮಾಡುತ್ತಾನೆ. ಆಮೇಲೆ ಆ ಕಲ್ಲನ್ನು ತಬ್ಬಿಕೊಂಡು ಅಳುತ್ತಾನೆ. ಕಣ್ಣೀರೆಲ್ಲ ಮುತ್ತಾಗಿ ಉದುರಿ, ಕಲ್ಲಿಗೆ ಜೀವ ಬರುತ್ತದೆ. ಎದ್ದವಳು ಅವನ ಕಪಾಳಕ್ಕೆ ಬಾರಿಸುವುದು ಬಿಟ್ಟು, “ನನ್ನ ಮೇಲೆ ನಿನಗೆ ಇಷ್ಟೊಂದು ಪ್ರೀತಿಯೇ” ಎಂದು ಪಾದ ಹಿಡಿಯುತ್ತಾಳೆ. ಇಲ್ಲಿಗೆ ಬರುವಷ್ಟರಲ್ಲಿ ಮೊರಗಳೆಲ್ಲ ನಿಂತು ಸೆರಗುಗಳೆಲ್ಲ ಕಣ್ಣಿಗೆ ಹೋಗಿರುತ್ತಿದ್ದವು. ನಮ್ಮ ಬೀದಿಯಲ್ಲಿ ಒಂದು ಎತ್ತು ಯಾರಿಗಾದರೂ ಹಾಯ್ದರೆ ಮೂಗುದಾರ ಬಿಗಿದು ಕಟ್ಟಿಹಾಕುತ್ತೇವೆ. ಗಂಧರ್ವ ಹಾಯ್ದರೆ ಮಾತ್ರ, “ಅಯ್ಯೋ ಪಾಪ, ಅವ್ನ ಮನಸಲ್ಲಿ ಎಷ್ಟ್ ನೋವದೆಯೋ” ಎನ್ನುತ್ತೇವೆ.

ಇದು ಜಗಲಿಯ ಮೇಲೇ ಉಳಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಒಂದು ದಿನ ಅತ್ತಿಗುಪ್ಪೆಯ ಕಡೆಯ ಒಬ್ಬ ಯುವಕ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಅವಳ ಕೈಗೆ ಬೆಳ್ಳಿಯ ಕಡಗ ಬೇಕಂತೆ, ಆದರೆ ಅದಕ್ಕೆ ಕೊಂಡಿ ಬೇಡವಂತೆ. “ಕೈಗೆ ತೊಡಿಸ್ಬುಟ್ಟು ಅಲ್ಲೇ ಬೆಸುಗೆ ಆಕ್ಬುಡಿ ಆಚಾರ್ರೇ, ಗಂಧರ್ವ ಮಾಡ್ದಂಗೆ” ಎಂದ. ಹೆಂಡತಿ ನಾಚಿಕೊಂಡು ನೆಲ ನೋಡಿದಳು. ಆ ಹುಡುಗಿಗೆ ಅದು ಸನ್ಮಾನ ಅನಿಸಿತ್ತು. ನಮ್ಮ ಯಜಮಾನರು ಕೊಳವೆ ತೆಗೆದು, “ಕೈ ಬೇಯ್ತದೆ ಕಣಪ್ಪ” ಎಂದಷ್ಟೇ ಹೇಳಿ ಮತ್ತೆ ಬಾಯಿಗಿಟ್ಟುಕೊಂಡರು. ಅವರ ಬಾಯಿಂದ ಬಂದ ಅತ್ಯಂತ ಉದ್ದನೆಯ ಉಪದೇಶ ಅದು.

ನನ್ನ ಅಕ್ಕನ ಮಗಳು ಚೆನ್ನಿ ಈ ಕಥೆ ಕೇಳುತ್ತಲೇ ಬೆಳೆದವಳು. ಅಕ್ಕ ತೀರಿಹೋದ ಮೇಲೆ ನನ್ನ ಕೈಯಲ್ಲೇ ದೊಡ್ಡವಳಾದಳು. ಮಾತಿನ ಮಲ್ಲಿ, ಬಾವಿಗೆ ಹೋದರೆ ಕೊಡ ತುಂಬುವ ಮುಂಚೆ ಇಡೀ ಪೇಟೆಯ ಸುದ್ದಿ ತುಂಬಿಕೊಂಡು ಬರುತ್ತಿದ್ದಳು. ಅವಳಿಗೆ ನಾಗಮಂಗಲದಿಂದ ಗಂಡು ಬಂತು. ಕಂಚಿನ ಎರಕದ ವೀರಾಚಾರಿ, ಗುಡಿಗಳಿಗೆ ಗಂಟೆ ಮಾಡುವವನು. ಅಗಲವಾದ ಎದೆ, ಕಡಿಮೆ ಮಾತು, ಕೆಂಪು ಕಣ್ಣು. ಬೀದಿಯ ಹೆಂಗಸರು ನೋಡಿದವರೇ, “ಗಂಧರ್ವನ್ ಕಣ್ಣು ಕಣೇ” ಎಂದು ಚೆನ್ನಿಯನ್ನು ಗಿಲ್ಲಿದರು. ದಿನವಿಡೀ ಕುಲುಮೆಯ ಹೊಗೆಗೆ ಕುಳಿತರೆ ಹಸುವಿನ ಕಣ್ಣೂ ಕೆಂಪಾಗುತ್ತದೆ. ಅದನ್ನು ನಾನು ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಚೆನ್ನಿಯಂತೂ ಆಗಲೇ ಮೋಡ ಹತ್ತಿ ಕುಳಿತಿದ್ದಳು.

ಮದುವೆಯಾಗಿ ಹೋದವಳು ಮೊದಲ ಹಬ್ಬಕ್ಕೆ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಹಿರೋಡೆಯ ಕಡೆ ಹೋಗುತ್ತಿದ್ದ ಗಾಡಿಯೊಂದರಲ್ಲಿ ಹತ್ತಿ, ಅಲ್ಲಿಂದ ಮುಂದೆ ಇನ್ನೊಂದು ಗಾಡಿ ಹಿಡಿದು, ಮೂಳೆಯೆಲ್ಲ ಸಡಿಲವಾಗಿ ನಾನೇ ನಾಗಮಂಗಲಕ್ಕೆ ಹೋಗಿ ಇಳಿದೆ. ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಯಾರೂ ಇಲ್ಲವೆಂದುಕೊಂಡು ಜಗಲಿಯಲ್ಲಿ ಕುಳಿತರೆ ಒಳಗಿನಿಂದ ಪಾತ್ರೆಯ ಸದ್ದು. ಚಿಲಕ ತೆಗೆದೆ. ಚೆನ್ನಿ ನನ್ನನ್ನು ನೋಡಿ ನಕ್ಕಳು. ನಗುವ ಮುಂಚೆ ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದಳು. ಮಣಿಕಟ್ಟಿನ ಮೇಲೆ ಇಕ್ಕಳದ ಬಾಯಿಯಷ್ಟೇ ಅಗಲದ ಸುಟ್ಟ ಗಾಯ.

“ಏನೇ ಇದು?”

“ಏನಿಲ್ಲ ಚಿಕ್ಕವ್ವ. ಬಾವಿ ತಾವ ಪಕ್ಕದ್ಮನೆಯೋರ ಜತೆ ಮಾತಾಡ್ತಾ ನಿಂತಿದ್ದೆ. ನಮ್ಮನೆಯೋರ್ಗೆ ಸರಿಯಾಗ್ಲಿಲ್ಲ.”

“ಅದುಕ್ಕೆ ಸುಡ್ತಾರಾ?”

“ಸಿಟ್ಟಲ್ಲಿ ಅಂಗಾಯ್ತು. ನಾನಂದ್ರೆ ಅವ್ರಿಗೆ ಪ್ರಾಣ ಕಣ್ ಚಿಕ್ಕವ್ವ. ಪ್ರೀತಿ ಎಚ್ಚಾದೋರ್ಗೆ ಸಿಟ್ಟೂ ಎಚ್ಚು. ಒಳಗೊಳಗೇ ಅಳ್ತಾವ್ರೆ, ನಂಗೊತ್ತು. ಒಂದಿನ ಈಚೆಗೆ ಬತ್ತದೆ ನೋಡು.”

ನನ್ನ ಕಿವಿಯಲ್ಲಿ ಸಿದ್ದಪ್ಪನ ತಂಬೂರಿ ಮೊಳಗಿತು. ಈ ಹುಡುಗಿ ಕಲ್ಲಾಗಿ ಕುಳಿತುಕೊಂಡು, ಮೇಲೆ ಮುತ್ತು ಉದುರುವುದನ್ನು ಕಾಯುತ್ತಿದ್ದಾಳೆ! ನಾನು ಕೂಗಾಡಿದೆ, ಎಳೆದೆ, ಕಾಲು ಹಿಡಿಯುವುದೊಂದು ಬಾಕಿ. ಬರಲಿಲ್ಲ. ಅಷ್ಟರಲ್ಲಿ ವೀರಾಚಾರಿ ಬಂದ. ನನಗೆ ಕೈಮುಗಿದು, “ಬನ್ನಿ ಅತ್ತೆ” ಎಂದು ಬಹಳ ವಿನಯದಿಂದ ಒಳಗೆ ಕರೆದ. ಅವನ ದನಿ ಎಷ್ಟು ಮೆತ್ತಗಿತ್ತೆಂದರೆ, ಚೆನ್ನಿಯ ಕೈಯ ಗಾಯ ನೋಡದಿದ್ದರೆ ನಾನೇ ಅವನಿಗೆ ದೃಷ್ಟಿ ತೆಗೆದು ಬರುತ್ತಿದ್ದೆ.

ವಾಪಸು ಬಂದವಳು ಅವನನ್ನು ಏನೂ ಮಾಡಲಾರದೆ, ಗಂಧರ್ವನನ್ನೂ ಹಿಡಿಯಲಾರದೆ, ನಡೆದುಕೊಂಡು ಸೀದಾ ಬೆಳಗೊಳಕ್ಕೆ ಹೋದೆ. ಸಿದ್ದಪ್ಪನಾದರೂ ಕೈಗೆ ಸಿಗುತ್ತಾನಲ್ಲ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಅಂಥ ಕಥೆ ಕಟ್ಟುವವನು ಮನೆಯಲ್ಲಿ ಹೆಂಡತಿಯನ್ನು ಹೇಗೆ ಇಟ್ಟಿರಬಹುದು ಎಂದು ನೆನೆದು ಇನ್ನೂ ಎರಡು ಸೇರಿಸಿಕೊಂಡೆ. ಹೋಗಿ ನೋಡಿದರೆ ಸಿದ್ದಪ್ಪ ಒಳಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಖಾರ ರುಬ್ಬುತ್ತಿದ್ದಾನೆ. ಹೆಂಡತಿ ನಿಂಗಮ್ಮ ಸೊಂಟ ಹಿಡಿದುಕೊಂಡು ಚಾಪೆಯ ಮೇಲೆ ಮಲಗಿ, “ನುಣ್ಣಗೆ ರುಬ್ಬು, ನಿನ್ನೆ ತರಿತರಿ ಆಗಿತ್ತು” ಎನ್ನುತ್ತಿದ್ದಾಳೆ. ಅವನು, “ಆಯ್ತು ಕಣೆ, ಅದೇ ಮಾಡ್ತಾವ್ನಿ” ಎಂದು ಕೈಯನ್ನು ಜೋರು ಮಾಡಿದ. ನಾನು ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಅರ್ಧ ಅಲ್ಲೇ ಕೆಲಸಕ್ಕೆ ಬಾರದೆ ಹೋದವು. ಇದರಿಂದ ಇನ್ನೂ ಸಿಟ್ಟು ಬಂತು.

ಚೆನ್ನಿಯ ಕೈಯ ವಿಷಯ ಹೇಳಿದೆ. ಅವನ ರುಬ್ಬುಗುಂಡು ನಿಂತಿತು.

“ಅಯ್ಯೋ ತಾಯಿ, ಅದು ಕತೆ. ಯಾರಾದ್ರೂ ನಂಬ್ತಾರಾ?”

“ಎಣ್ಮಕ್ಳು ಕಣ್ಣೀರ್ ಆಕೋವಾಗ ನಂಬಿಲ್ಲ ಅಂದ್ಕೊಂಡ್ಯಾ? ನೀನು ಮನೇಲಿ ಎಡ್ತಿಗೆ ಖಾರ ರುಬ್ಕೊಡ್ತೀಯ, ಜಗಲೀಲಿ ಜಡೆ ಇಡ್ದು ಎಳ್ಕೊಂಡೋಗೋದೇ ಪ್ರೀತಿ ಅಂತೀಯ. ಇದ್ನೇ ಯಾಕೆ ಏಳಬಾರ್ದು ಕತೇಲಿ?”

“ಯಾವುದ್ನ?”

“ಈ ರುಬ್ಬೋದ್ನ!”

ಸಿದ್ದಪ್ಪ ಖಾರದ ಕೈಯನ್ನೇ ನೋಡಿಕೊಂಡು ಯೋಚಿಸಿದ. “ಗಂಧರ್ವ ಖಾರ ರುಬ್ದ ಅಂದ್ರೆ ಯಾರ್ ಕೂತ್ಕೋತಾರವ್ವ? ಮೊರ ಎತ್ಕೊಂಡು ಎದ್ದೋಯ್ತಾರೆ” ಎಂದ. ನಿಂಗಮ್ಮ ಚಾಪೆಯ ಮೇಲಿಂದ, “ನಾನಂತೂ ಒಂದಿನಾನೂ ಆ ಕತೆ ಪೂರ್ತಿ ಕೇಳಿಲ್ಲ. ಅದ್ರಲ್ಲಿ ಆ ಎಣ್ಣಿಗೆ ಊಟ ಕೊಡೋರ್ಯಾರು ಅಂತ ಕೇಳಿದ್ದುಕ್ಕೆ ಇವ್ರಿಗೆ ಉತ್ರ ಬರ್ನಿಲ್ಲ” ಎಂದಳು. ಸಿದ್ದಪ್ಪ ಇನ್ನುಮುಂದೆ ಗಂಜಾಂ ಕಡೆ ತಲೆ ಹಾಕಿದರೆ ತಂಬೂರಿ ಮುರಿಯುತ್ತೇನೆ ಎಂದು ಹೇಳಿ ಬಂದೆ. ಅವರು ಕೊಟ್ಟ ಮಜ್ಜಿಗೆ ಕುಡಿದೇ ಬಂದೆ, ಬಿಸಿಲು ಹಾಗಿತ್ತು.

ಇಷ್ಟೆಲ್ಲ ಹಾರಾಡಿದ್ದರಿಂದ ಚೆನ್ನಿಗೆ ಆದ ಉಪಯೋಗ ಏನೂ ಇಲ್ಲ. ಅವಳು ಬಂದದ್ದು ತಾನಾಗಿಯೇ. ಒಂದು ಮಧ್ಯಾಹ್ನ, ನಾಗಮಂಗಲದ ಬೀದಿಗೆ ಬಂದಿದ್ದ ಬಳೆಗಾರರಿಂದ ಹೊರಗಿನ ಚಿಲಕ ತೆಗೆಸಿಕೊಂಡು ಅವರ ಜೊತೆಯಲ್ಲೇ, ಕಾಲೆಲ್ಲ ಧೂಳಾಗಿ, ಬರಿಗೈಯಲ್ಲಿ ಬಾಗಿಲಿಗೆ ಬಂದು ನಿಂತಳು. ನೀರು ಕೊಟ್ಟೆ, ಮುದ್ದೆ ಹಾಕಿದೆ. ಉಂಡಾದ ಮೇಲೆ ಅವಳೇ ಹೇಳಿದಳು.

“ದೊಡ್ಡ ಗಂಟೆ ಒಂದು ಎರಕ ಉಯ್ದಿದ್ರು ಚಿಕ್ಕವ್ವ. ಅಚ್ಚು ಒಡ್ದಾಗ ನೋಡುದ್ರೆ ಗಂಟೆ ಸೀಳ್ಬುಟ್ಟಿತ್ತು. ಅದ್ರ ಮೇಲೆ ತಲೆ ಇಟ್ಕೊಂಡು ಅತ್ರು. ಮಗೀನಂಗೆ ಅತ್ರು. ಸೀಳಿರೋ ಕಡೆ ಕೈಯಾಡುಸ್ಕೊಂಡು, ‘ನಾನೇ ಆಳ್ಮಾಡ್ಬುಟ್ನಲ್ಲಾ’ ಅಂದ್ರು.” ಅವಳು ತನ್ನ ಮಣಿಕಟ್ಟು ನೋಡಿಕೊಂಡಳು. “ಇವ್ರಿಗೆ ಅಳಾಕೆ ಬರಾಕಿಲ್ಲ, ಅದುಕ್ಕೇ ಒಳಗೇ ಮಡೀಕೊಂಡವ್ರೆ ಅಂದ್ಕೊಂಡಿದ್ದೆ. ಬತ್ತದೆ ಚಿಕ್ಕವ್ವ. ಚೆನ್ನಾಗೇ ಬತ್ತದೆ.”

ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಆವತ್ತು ನಮ್ಮ ಮನೆಯ ಪಾತ್ರೆಗಳು ಸದ್ದು ಮಾಡಲಿಲ್ಲ.

ವೀರಾಚಾರಿ ಕುಲದ ಹಿರಿಯರನ್ನು ಕರೆದುಕೊಂಡು ಬಂದ. ನಮ್ಮ ಜಗಲಿಯಲ್ಲಿ ಕುಳಿತು, ಇಡೀ ಬೀದಿ ನೋಡುತ್ತಿರುವಾಗ, ಅಳುವುದಕ್ಕೆ ಶುರುಮಾಡಿದ. ಏನು ಹೇಳಲಿ! ಚೆನ್ನಿಯ ಗಾಯ ನೋಡಿ “ಥೂ ಅವ್ನ ಕೈ ಸೇದೋಗ” ಎಂದು ಶಪಿಸಿದ್ದ ಹೆಂಗಸರೇ ಸೆರಗು ಕಣ್ಣಿಗೊತ್ತಿಕೊಂಡು, “ಕಣ್ಣೀರ್ ಆಕ್ತಾವ್ನೆ ಕಣೆ, ಓಗ್ಬುಡೇ” ಎಂದು ಪಿಸುಗುಟ್ಟತೊಡಗಿದರು. ಹಿರಿಯರ ಮೀಸೆಗಳೂ ಅಲುಗಿದವು. ಒಬ್ಬ ಗಂಡಸು ಕಣ್ಣಿಂದ ಒಂದು ಹನಿ ಉದುರಿಸಿದರೆ, ಒಬ್ಬ ಹೆಣ್ಣು ಸುರಿಸಿದ ಕೊಡಗಟ್ಟಲೆ ನೀರು ಎಲ್ಲಿ ಹಿಂಗಿಹೋಗುತ್ತದೋ ಕಾಣೆ. ನಾನು ಬಾಯಿ ತೆರೆಯುವಷ್ಟರಲ್ಲಿ ಚೆನ್ನಿ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು.

“ಗಂಟೆ ಸೀಳ್ದಾಗ್ಲೂ ಇಂಗೇ ಅತ್ರಿ,” ಎಂದಳು. “ಆಮೇಕೆ ಅದ್ನ ಒಡ್ದು, ಕರಗುಸಿ, ಇನ್ನೊಂದ್ ಉಯ್ದ್ರಿ. ನಾನು ಬರಾಕಿಲ್ಲ.”

ಎರಕದವರ ಕುಲದಲ್ಲಿ ಈ ಮಾತಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ತೀರ ಮುದುಕರಾದವರು ಅವಳನ್ನು ಹತ್ತಿರ ಕರೆದು, ಮಣಿಕಟ್ಟು ತಿರುಗಿಸಿ ನೋಡಿ, “ಮಗು ಇಲ್ಲೇ ಇರ್ಲಿ” ಎಂದು ಎದ್ದುಬಿಟ್ಟರು. ವೀರಾಚಾರಿಯ ಕಣ್ಣೀರು ಅಷ್ಟಕ್ಕೇ ನಿಂತಿತು. ಹೋಗುವಾಗ ಅವನು ತಿರುಗಿ ನೋಡಿದ ನೋಟವನ್ನು ಬೀದಿಯ ಹೆಂಗಸರೆಲ್ಲ ನೋಡಿದರು. ಆಮೇಲೆ ಯಾರೂ “ಓಗ್ಬುಡೇ” ಅನ್ನಲಿಲ್ಲ.

ಬಹಳ ದಿನಗಳ ಮೇಲೆ, ಚೆನ್ನಿ ಮತ್ತೆ ಬಾವಿಯಲ್ಲಿ ಮಾತು ಶುರುಮಾಡಿಕೊಂಡ ಕಾಲಕ್ಕೆ, ಸಿದ್ದಪ್ಪ ಮತ್ತೆ ಪೇಟೆಗೆ ಬಂದ. ಕಥೆ ಬದಲಾಯಿಸಿದ್ದಾನಂತೆ. ತಂಬೂರಿ ಮುರಿಯಲು ಹೋಗುತ್ತೇನೆಂದು ಹೊರಟೆ. ಚೆನ್ನಿ ಮೊರ ಹಿಡಿದುಕೊಂಡು ಜೊತೆಗೆ ಬಂದಳು. ಅಚ್ಚರಿಯೆಂದರೆ ನಮ್ಮ ಯಜಮಾನರೂ ಕೆಲಸ ಬಿಟ್ಟು ಎದ್ದು ಬಂದರು. ಕಥೆ ನಿಜಕ್ಕೂ ಬದಲಾಗಿತ್ತು. ಈ ಸಲ ರಾಜಕುಮಾರಿ ಕೂಗಿದಾಗ ತಂಬೂರಿ ಸುಮ್ಮನಿತ್ತು. ಅವಳ ಕೂಗು ಕೇಳಿ ಕೆಳಗಿನಿಂದ ಒಬ್ಬ ರಕ್ಕಸಿ ಹಾರಿ ಬರುತ್ತಾಳೆ. ಅವಳು ರಾಜಕುಮಾರಿಯ ಚಿಕ್ಕಮ್ಮ. ನೇಗಿಲ ಕುಳದಂಥ ಹಲ್ಲು, ನಗಾರಿಯಂಥ ದನಿ, ಬೈಯಲು ಬಾಯಿ ತೆರೆದರೆ ಗಾಜಿನ ಅರಮನೆ ತಾನಾಗಿ ಒಡೆದು ಪುಡಿಪುಡಿ. ಗಂಧರ್ವ ಮೋಡದ ಹಿಂದೆ ಓಡಿದರೆ ಮೋಡದ ಹಿಂದೆ, ನದಿಯಲ್ಲಿ ಮುಳುಗಿದರೆ ನದಿಯಲ್ಲಿ, ಬಿಡದೆ ಅಟ್ಟಿಸಿಕೊಂಡು ಹೋಗಿ ಬೈಯುತ್ತಾಳೆ. ಮಜ್ಜಿಗೆ ಕುಡಿಯಲು ಮಾತ್ರ ಒಂದು ಗಳಿಗೆ ನಿಲ್ಲುತ್ತಾಳೆ. ಜಗಲಿಗೆ ಜಗಲಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಕ್ಕದಲ್ಲಿ ಚೆನ್ನಿ ಸೆರಗನ್ನು ಬಾಯಿಗೆ ತುರುಕಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಆ ನಗುವಿಗಾಗಿ ಇನ್ನೂ ಒಂದು ಮೊಳ ಹಲ್ಲು ಬೇಕಾದರೂ ಇರಲಿ ಎಂದುಕೊಂಡೆ.

ಕಥೆ ಮುಗಿದು ಗಂಧರ್ವ ಹಾಳಾಗಿ ಹೋದ. ಯಾರೂ ಅವನಿಗಾಗಿ ಅಳಲಿಲ್ಲ. ಅಂತೂ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮುಂದೆ ಕುಳಿತಿದ್ದ ಹೆಂಗಸೊಬ್ಬಳು ದೊಡ್ಡದಾಗಿ ನಿಟ್ಟುಸಿರು ಬಿಟ್ಟು, “ಅದಿರ್ಲಿ, ಆ ರಕ್ಕಸಿ ಕಟ್ಕೊಂಡೋನು ಎಂಗ್ ಬಾಳ್ತಾವ್ನೋ, ಪಾಪ!” ಎಂದಳು. ಎಲ್ಲರೂ ತಿರುಗಿ ನಮ್ಮ ಯಜಮಾನರ ಕಡೆ ನೋಡಿದರು. ಕೆಲವರ ಸೆರಗು ಆಗಲೇ ಕಣ್ಣಿನ ಹತ್ತಿರ ಹೋಗಿತ್ತು. ಅವರಾದರೂ ಇಲ್ಲ ಅಂದರೇ? ತಲೆ ತಗ್ಗಿಸಿ, ಬಹಳ ನೊಂದ ಜೀವದ ಹಾಗೆ ಒಂದು ಉಸಿರು ಬಿಟ್ಟು, ಆ ಕನಿಕರವನ್ನೆಲ್ಲ ಒಂದು ಚೂರೂ ಬಿಡದೆ ಸ್ವೀಕರಿಸುತ್ತಿದ್ದರು. ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಎಲ್ಲರೂ ನನ್ನ ಹಲ್ಲನ್ನೇ ನೋಡುತ್ತಿದ್ದುದರಿಂದ ಬಾಯಿ ಮುಚ್ಚಿಕೊಂಡು ಕುಳಿತೆ.