ಪುಲಿ ನನ್ನ ನೈಟಿ ಹಿಡಿದೆಳೆದ ಸಂಜೆಗಳು

ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯದಂತೆ ಗಂಡನಿಗೇ ಕಲಿಸಿದ ದಾವಣಗೆರೆಯ ಹೇಮಾಕ್ಷಿಗೆ ಒಂದು ನಾಯಿ ಯಾವ ಲೆಕ್ಕ? ಹೆಂಗಸರ ಬಿಟ್ಟಿ ದುಡಿಮೆಯ ಬಗ್ಗೆ ಕಥೆ ಬರೆದು ಓದುಗರನ್ನೇ ತಿದ್ದಿದವಳು ನಾನು! ಹೀಗೆ ಎದೆಯುಬ್ಬಿಸಿಕೊಂಡೇ ವಿಶಾಖಪಟ್ಟಣದ ನಾಯಿಗಳ ಆಶ್ರಯತಾಣದಿಂದ ಪುಲಿಯನ್ನು ಎಂವಿಪಿ ಕಾಲೋನಿಯ ನಮ್ಮ ಫ್ಲ್ಯಾಟಿಗೆ ತಂದೆ. ಪುಲಿ ಎಂದರೆ ತೆಲುಗಿನಲ್ಲಿ ಹುಲಿ. ಈ ಹುಲಿಗೆ ಮಿಕ್ಸಿ ಕಂಡರೂ ನಡುಕ!

"ಸಾಕೋಕೆ ಒಯ್ದವರೆಲ್ಲ ವಾಪಸ್ ತಂದುಬಿಟ್ಟಿದ್ದಾರೆ ಮೇಡಂ," ಎಂದಿದ್ದ ಅಲ್ಲಿನ ಅಖಿಲ್. "ನೀವೂ ತಂದುಬಿಟ್ರೆ ಇನ್ಯಾರೂ ಒಯ್ಯಲ್ಲ."

"ನಾನಾ? ವಾಪಸ್ಸಾ?" ಎಂದು ನಕ್ಕಿದ್ದೆ.

ಮೊದಲ ಸಂಜೆಯೇ ಆ ನಗು ನಿಂತಿತು. ನಾನು ಸೋಫಾದಲ್ಲಿ ಕಾಲು ಚಾಚಿ ಕೂತಿದ್ದೆ. ಮಲಗಿದ್ದ ಪುಲಿ ತಟ್ಟನೆ ಎದ್ದು ಮುಚ್ಚಿದ ಬಾಗಿಲನ್ನೇ ದಿಟ್ಟಿಸಿತು. ಬೆನ್ನಿನ ಕೂದಲು ನಿಮಿರಿತು. ಗಂಟಲಿಂದ ಅಳುವಿನಂಥ ಸಣ್ಣ ದನಿ. ಬಾಗಿಲು ತೆರೆದು ಇಣುಕಿದೆ. ಯಾರೂ ಇಲ್ಲ, ಸಮುದ್ರದ ಗಾಳಿಗೆ ಯಾರದೋ ಸೀರೆ ತಂತಿಯ ಮೇಲೆ ಒಂಟಿಯಾಗಿ ಆಡುತ್ತಿತ್ತು. ಮತ್ತೆ ಕೂತೆನೋ ಇಲ್ಲವೋ, ಪುಲಿ ನೈಟಿಯ ಅಂಚು ಕಚ್ಚಿ ನನ್ನನ್ನು ದರದರನೆ ಅಡುಗೆಮನೆಗೆ ಎಳೆದೊಯ್ದು, ಒಲೆಯ ಮುಂದೆ ನಿಲ್ಲಿಸಿ, ಹೊಸ್ತಿಲಲ್ಲಿ ಕಾವಲು ಕೂತಿತು!

ಸ್ವಲ್ಪ ಹೊತ್ತಿಗೆ ನನ್ನ ಗಂಡ ಫಣಿ ಆಫೀಸಿನಿಂದ ಬಂದ.

"ಆಹಾ! ನಾನು ಬರೋ ಹೊತ್ತಿಗೆ ನೀನು ಒಲೆ ಮುಂದೆ! ಯಾರು ಯಾರಿಗೆ ಟ್ರೈನಿಂಗ್ ಕೊಡ್ತಿದೀರಾ?"

"ಬಾಯ್ಮುಚ್ಚು."

ದಿನವೂ ಇದೇ ಆಯಿತು. ಏಳದೆ ಕೂತರೆ ಅಪಾರ್ಟ್‌ಮೆಂಟೇ ನಡುಗುವಂತೆ ಊಳು! ಎದುರು ಮನೆಯ ಕೋಟೇಶ್ವರಮ್ಮ ಬಂದು ಪಿಸುಗುಟ್ಟಿದರು.

"ಹೇಮಾಕ್ಷಿಗಾರೂ, ಅದು ನಾಯಿಯಲ್ಲ ಅಂಡಿ, ನಿಮ್ಮ ಅತ್ತಗಾರೇ! ಬದುಕಿದ್ದಾಗ ನಿಮ್ಮನ್ನ ಕೂರೋಕೆ ಬಿಟ್ಟಿದ್ರಾ? ವಾಪಸ್ ಕೊಟ್ಟುಬಿಡಿ. ಇಲ್ಲಾಂದ್ರೆ ಅಸೋಸಿಯೇಷನ್‌ಗೆ ಹೇಳ್ತೀನಿ."

ಗೋಡೆಯಲ್ಲಿದ್ದ ಅತ್ತೆ ಗಂಗಾಭವಾನಿಯವರ ಫೋಟೋದ ಹಾರ ಅಲುಗಿತು. ಫ್ಯಾನ್ ಹಾಕಿರಲಿಲ್ಲ!

ಅಖಿಲ್‌ಗೆ ಫೋನ್ ಮಾಡಿದೆ. ಅವನು ಹೇಳಿದ: "ಅದು ಹುಟ್ಟಿ ಬೆಳೆದ ಮನೇಲಿ, ಗಂಡ ಬಂದಾಗ ಆ ಮನೆಯಮ್ಮ ಕೂತಿದ್ರೆ ಅವನ ಕೈಯಿಂದ ಸಾಮಾನು ಹಾರ್ತಿತ್ತಂತೆ ಮೇಡಂ. ಅವನ ಗಾಡಿ ಸದ್ದು ಕೇಳಿದ್ದೇ ಪುಲಿ ಆಕೇನ ಎಬ್ಬಿಸ್ತಿತ್ತು."

ಹಾಗಾದರೆ ಕೆಳಗೆ ಫಣಿಯ ಸ್ಕೂಟರಿನ ಸದ್ದು ಅದಕ್ಕೆ ನನಗಿಂತ ಮೊದಲೇ ಕೇಳುತ್ತಿತ್ತು. ಪಾಪದ್ದು, ನನ್ನನ್ನು ಕಾಪಾಡುತ್ತಿತ್ತು.

ತರಬೇತಿಯ ಮಹಾಯಜ್ಞ ಶುರುವಾಯಿತು. ನಾನು ಕೂತೇ ಇರಬೇಕು. ಫಣಿ ಬಂದು, ಕಾಫಿ ಮಾಡಿ, ನನ್ನ ಕೈಗೆ ಕೊಡಬೇಕು. ಏನೂ ಹಾರಲಿಲ್ಲವೆಂದು ಪುಲಿ ಸುಮ್ಮನಾದರೆ ಬಿಸ್ಕತ್ತು.

"ಸಕ್ಕರೆ ಡಬ್ಬಿ ಎಲ್ಲಿ?"

"ಮದುವೆಯಾದಾಗಿನಿಂದ ಎಲ್ಲಿದೆಯೋ ಅಲ್ಲೇ."

"ಅದೇ ಎಲ್ಲಿ?"

ಪುಲಿಯೇ ಹೋಗಿ ಆ ಕಪಾಟಿನ ಮುಂದೆ ನಿಂತಿತು!

ಕ್ರಮೇಣ ಊಳು ಗೊಣಗಾಯಿತು, ಗೊಣಗು ಆಕಳಿಕೆಯಾಯಿತು. ವಿಜಯೋತ್ಸವಕ್ಕೆ ಕೋಟೇಶ್ವರಮ್ಮನನ್ನೇ ಕರೆಸಿ ಸೋಫಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡೆ. ಕೆಳಗೆ ಸ್ಕೂಟರ್ ನಿಂತಿರಬೇಕು. ಪುಲಿ ಕಿವಿಯೆತ್ತಿತು, ಬಾಲ ಆಡಿಸಿತು, ಮತ್ತೆ ಮಲಗಿತು. ಗೆದ್ದೆ!

ಬಾಗಿಲಿನ ಬೀಗ ತಿರುಗಿತು.

ನೋಡಿದರೆ ನಾನು ಒಲೆಯ ಮುಂದೆ ನಿಂತಿದ್ದೆ. ಕೈಯಲ್ಲಿ ಲೈಟರ್. ನೈಟಿಯ ಅಂಚನ್ನು ಯಾರೂ ಹಿಡಿದಿರಲಿಲ್ಲ. ಹಾಲ್‌ನಲ್ಲಿ ಕೋಟೇಶ್ವರಮ್ಮನೂ ಸೆರಗು ಸರಿಪಡಿಸಿಕೊಳ್ಳುತ್ತ ಎದ್ದು ನಿಂತಿದ್ದರು! ಗೋಡೆಯ ಮೇಲೆ ಹಾರ ಮೆಲ್ಲಗೆ ಅಲುಗುತ್ತಿತ್ತು.

ಪುಲಿ ನಿಧಾನಕ್ಕೆ ಎದ್ದು ಬಂತು. ನೈಟಿಯ ಅಂಚು ಕಚ್ಚಿ, ಈ ಸಲ ನನ್ನನ್ನು ಸೋಫಾದತ್ತ ಎಳೆದೊಯ್ದು ಕೂರಿಸಿತು.

ಪುಲಿಗೆಂದು ಬಿಸ್ಕತ್ತು ಹಿಡಿದು ಬಾಗಿಲಲ್ಲಿ ನಿಂತಿದ್ದ ಫಣಿ ತಬ್ಬಿಬ್ಬಾಗಿ ಕೇಳಿದ:

"ಈಗ ಇದನ್ನ ಯಾರಿಗೆ ಕೊಡ್ಲಿ?"