ಕ್ಯಾಸಿನೊಗೆ ಹೆಲ್ಮೆಟ್ ತೊಡಿಸಲು ಹೋದ ನಮ್ಮ ಮಾಮಾ

ಜೂಜು ಅಪರಾಧವಾಗಿರುವ ದೇಶದಲ್ಲಿ ಕೂತು, ಒಂದು ರಿಯಾಲನ್ನೂ ಹಚ್ಚದೆ, ಆನ್‌ಲೈನ್ ಕ್ಯಾಸಿನೊ ಒಂದರ ಬಾಗಿಲು, ಕಿಟಕಿ, ಮೆಟ್ಟಿಲುಗಳನ್ನೆಲ್ಲ ಅಳೆದು ಬಂದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ದುರದೃಷ್ಟವಶಾತ್ ಅವನು ನನ್ನ ಸೋದರಮಾವ. ಮೊಬೈಲಿನೊಳಗಿನ ಕ್ಯಾಸಿನೊಗೆ ಎಲ್ಲಿಯ ಮೆಟ್ಟಿಲು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕೇಳಿದ ತಪ್ಪಿಗೆ ಮೂರು ಶುಕ್ರವಾರಗಳನ್ನು, ಅಂದರೆ ಮೂರು ರಜೆಗಳನ್ನು ಕಳೆದುಕೊಂಡೆ!

ಮಾಮಾ ವೃತ್ತಿಯಿಂದ ಸೇಫ್ಟಿ ಆಫೀಸರ್. ಬಾಗಲಕೋಟೆ ಕಡೆಯವನು. ಇಪ್ಪತ್ತು ವರ್ಷಗಳಿಂದ ಕತಾರಿನ ಕಟ್ಟಡಗಳ ಸೈಟುಗಳಲ್ಲಿ ಜನರ ತಲೆಯ ಮೇಲೆ ಹೆಲ್ಮೆಟ್ ಇದೆಯೇ ಎಂದು ನೋಡುತ್ತ ಬಂದು, ಈಗ ಅವನಿಗೆ ಮನುಷ್ಯರು ಕಾಣಿಸುವುದೇ ಇಲ್ಲ, ಅಪಾಯಗಳು ಮಾತ್ರ ಕಾಣಿಸುತ್ತವೆ. ನೌಕರಿ ಸಿಕ್ಕಿ ನಾನು ಅಲ್ ಥುಮಾಮಾದ ಅವನ ಫ್ಲಾಟಿಗೆ ಬಂದಿಳಿದ ದಿನ, ಊಟಕ್ಕೂ ಮೊದಲು ನನ್ನನ್ನು ಹೊರಗೆ ಕರೆದೊಯ್ದು, ಬೆಂಕಿ ಬಿದ್ದರೆ ಯಾವ ಮೆಟ್ಟಿಲಿನಿಂದ ಇಳಿಯಬೇಕು, ಇಳಿದ ಮೇಲೆ ಯಾವ ದೀಪದ ಕಂಬದ ಹತ್ತಿರ ನಿಲ್ಲಬೇಕು ಎಂದು ತೋರಿಸಿದ್ದ. ಇದು ನೌಕರಿಯಿಂದ ಅಂಟಿದ ರೋಗವೆಂದು ನಾನು ವಾದಿಸಿದರೆ ಅತ್ತೆ ಒಪ್ಪುವುದಿಲ್ಲ. ಮದುವೆಯಲ್ಲಿ ಹೋಮದ ಮುಂದೆ ಕೂತಾಗಲೇ ಅವನು ಪುರೋಹಿತರ ಶಲ್ಯ ಬೆಂಕಿಯ ಕಡೆ ಜೋತುಬಿದ್ದಿರುವುದನ್ನು ಮೂರು ಸಲ ಎಚ್ಚರಿಸಿದ್ದನಂತೆ. ಆಗಿನ್ನೂ ಅವನಿಗೆ ನೌಕರಿಯೇ ಇರಲಿಲ್ಲ.

ಅವನಿಗೆ ಪ್ರಪಂಚದಲ್ಲಿ ಅತಿ ಪ್ರಿಯವಾದ ಶಬ್ದ ‘ನಿಯರ್ ಮಿಸ್’. ಆಗಬೇಕಿದ್ದ ಅಪಘಾತ ಕೂದಲೆಳೆಯಲ್ಲಿ ತಪ್ಪಿದರೆ ಸೈಟಿನ ಭಾಷೆಯಲ್ಲಿ ಅದು ನಿಯರ್ ಮಿಸ್. ನಾವು ನೀವಾದರೆ ‘ಸದ್ಯ, ಬಚಾವಾದೆ’ ಎಂದು ಮುಂದೆ ಹೋಗುತ್ತೇವೆ. ಮಾಮಾ ಹೋಗುವುದಿಲ್ಲ. ಕೆಲಸ ನಿಲ್ಲಿಸುತ್ತಾನೆ, ಫಾರ್ಮ್ ತೆಗೆಯುತ್ತಾನೆ, ‘ಯಾಕೆ’ ಎಂದು ಐದು ಸಲ ಕೇಳುತ್ತಾನೆ. ಐದನೆಯ ‘ಯಾಕೆ’ಯಲ್ಲಿ ನಿಜವಾದ ಕಾರಣ ಸಿಗುತ್ತದೆ ಎಂಬುದು ಅವರ ಶಾಸ್ತ್ರ. ಒಮ್ಮೆ ಅತ್ತೆಯ ಕೈಯಿಂದ ಸಾರಿನ ಪಾತ್ರೆ ಜಾರಿ, ಬೀಳುವ ಮುನ್ನ ಹೇಗೋ ಅವಳ ಕೈಗೇ ಸಿಕ್ಕಿತು. ಯಾಕೆ ಜಾರಿತು? ಕೈ ಒದ್ದೆ. ಯಾಕೆ ಒದ್ದೆ? ಒರೆಸುವ ಬಟ್ಟೆ ಜಾಗದಲ್ಲಿರಲಿಲ್ಲ. ಯಾಕಿರಲಿಲ್ಲ? ನಾನು ಲ್ಯಾಪ್‌ಟಾಪ್ ಒರೆಸಲು ಒಯ್ದಿದ್ದೆ. ನಾಲ್ಕನೆಯ ಯಾಕೆಗೆ ನನ್ನ ಶಿಸ್ತು ವಿಚಾರಣೆಗೆ ಬಂತು. ಐದನೆಯದಕ್ಕೆ ನನ್ನನ್ನು ಬೆಳೆಸಿದವರು, ಅಂದರೆ ಅವನ ಸ್ವಂತ ಅಕ್ಕ, ಅಪರಾಧಿ ಎಂದು ಸಾಬೀತಾಯಿತು!

ಇಂಥವನ ಸೈಟಿನಲ್ಲಿ ಹೋದ ಬೇಸಿಗೆ ನಿಜವಾದ ನಿಯರ್ ಮಿಸ್ ಒಂದು ನಡೆಯಿತು. ಕ್ರೇನ್ ನಡೆಸುವ ಮಲ್ಲಪ್ಪ ಇಳಕಲ್ಲಿನವನು. ನಜ್ಮಾ ಬಡಾವಣೆಯಲ್ಲಿ ಇನ್ನು ಮೂವರ ಜೊತೆ ಒಂದು ಕೋಣೆಯಲ್ಲಿರುತ್ತಾನೆ. ಕಬ್ಬಿಣದ ಸರಳುಗಳ ಕಟ್ಟೊಂದನ್ನು ಎತ್ತಿ ತಿರುಗಿಸುವಾಗ ಅವನಿಗೆ ಒಂದು ಕ್ಷಣ ತೂಕಡಿಕೆ ಬಂತು. ಕಟ್ಟು ಓಲಾಡಿ, ಕೆಳಗಿದ್ದ ಒಬ್ಬನ ತಲೆಯ ಪಕ್ಕದಲ್ಲೇ ಹಾದುಹೋಯಿತು. ಯಾರಿಗೂ ಗಾಯವಾಗಲಿಲ್ಲ. ವರದಿ ಬರೆಯಬೇಕಾದವನು ಮಾಮಾ. ‘ಆಪರೇಟರನ ನಿರ್ಲಕ್ಷ್ಯ’ ಎಂಬ ಎರಡೇ ಪದ ಬರೆದರೆ ಮಲ್ಲಪ್ಪನಿಗೆ ಊರಿನ ವಿಮಾನ. ಮ್ಯಾನೇಜರನೂ, “ಬರೆದುಬಿಡು, ಖಲಾಸ್” ಎಂದಿದ್ದನಂತೆ.

ಎರಡೇ ಪದ ಬರೆದು ಸುಮ್ಮನಾಗಲು ಮಾಮಾ ಏನು ಸಾಮಾನ್ಯ ಮನುಷ್ಯನೇ? ಯಾಕೆ ತೂಕಡಿಸಿದೆ ಎಂದು ಕೇಳಿದ. ನಿದ್ದೆ ಇಲ್ಲ. ಯಾಕೆ ನಿದ್ದೆ ಇಲ್ಲ? ಮೊಬೈಲು. ಮೊಬೈಲಿನಲ್ಲಿ ಏನು? ಮಲ್ಲಪ್ಪ ಬೂಟು ನೋಡಿಕೊಂಡು ಹೇಳಿದ: ಕ್ಯಾಸಿನೊ. ಇಲ್ಲಿ ಆ ತಾಣಗಳಿಗೆ ತಡೆಯಿದೆ, ಅದಕ್ಕೆ ಯಾವುದೋ ಕಳ್ಳದಾರಿ. ಆ ದಾರಿಯಲ್ಲಿ ನಾಲ್ಕು ತಿಂಗಳಿಂದ ಪ್ರತಿರಾತ್ರಿ ಹೋಗಿಬರುತ್ತಿದ್ದ.

ಈಗ ನೋಡಿ ಮಾಮಾನ ಪೇಚು. ಈ ಉತ್ತರವನ್ನು ವರದಿಯಲ್ಲಿ ಬರೆದರೆ ಮಲ್ಲಪ್ಪ ಹೋಗುವುದು ವಿಮಾನಕ್ಕಲ್ಲ, ಪೊಲೀಸರ ಬಳಿಗೆ. ಬರೆಯದಿದ್ದರೆ, ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಮಾಮಾ ಅರೆಸತ್ಯದ ವರದಿ ಬರೆದಂತೆ. ಗಡುವು ಎರಡು ವಾರ.

ನಾನು ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವಳು. ಯಾವ ಪಕ್ಷ ಕೊಟ್ಟರೂ ಮೂರು ನಿಮಿಷದಲ್ಲಿ ಗೆದ್ದು ಕೂರುತ್ತೇನೆ. ಮಾಮಾ ನನ್ನನ್ನು ವಕೀಲಬಾಯಿ ಎಂದು ಕರೆಯುವುದು ಅದಕ್ಕೇ. ಇದರಲ್ಲಿ ಪೇಚೇನೂ ಇಲ್ಲವೆಂದು ಸಾಧಿಸಿ ತೋರಿಸಿದೆ. ಮಲ್ಲಪ್ಪ ವಯಸ್ಕ. ಆಡೆಂದು ಯಾರೂ ಅವನನ್ನು ಒತ್ತಾಯಿಸಿಲ್ಲ. ಆಯ್ಕೆ ಅವನದು, ಪರಿಣಾಮವೂ ಅವನದು. ನಿರ್ಲಕ್ಷ್ಯ ಎಂಬ ಪದ ಅಕ್ಷರಶಃ ಸತ್ಯ. ಮುಗಿಯಿತು.

ಮಾಮಾ ಹಪ್ಪಳ ಮುರಿಯುತ್ತ ಕೇಳಿಸಿಕೊಂಡ. “ನೀ ಹೇಳಿದ್ದು ಖರೇ ಅದ” ಅಂದ. “ಮೆಟ್ಟಲಕ್ಕ ಕಟಕಟಿ ಇರಲಿಲ್ಲ, ಅಂವ ಬಿದ್ದ. ಬಿದ್ದಂವ ವಯಸ್ಕ. ಹೌದಲ್ಲ?”

ಹೀಗೆ ಮೆಟ್ಟಿಲಿನ ಪ್ರವೇಶವಾಯಿತು.

ಆ ಕ್ಯಾಸಿನೊವನ್ನೂ ಒಂದು ಸೈಟಿನಂತೆ ತಪಾಸಣೆ ಮಾಡಲು ಮಾಮಾ ಹೊರಟ. ತಾನೇ ಆ ತಾಣ ತೆರೆದರೆ ಕಾನೂನಿಗೆ ವಿರುದ್ಧವಲ್ಲವೇ? ಆದ್ದರಿಂದ ಮಲ್ಲಪ್ಪನ ಮೊಬೈಲಿನಲ್ಲಿ ಮೊದಲೇ ಉಳಿದಿದ್ದ ಪರದೆಯ ಚಿತ್ರಗಳನ್ನೂ, ಅದರ ನಿಯಮ-ನಿಬಂಧನೆಗಳನ್ನೂ ತರಿಸಿಕೊಂಡು, ಮನೆಯಲ್ಲೇ ಪ್ರಿಂಟ್ ತೆಗೆದ. ನಲವತ್ತು ಪುಟ! ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ‘ಒಪ್ಪಿದ್ದೇನೆ’ ಎಂದು ಒತ್ತಿ ಮುಂದೆ ಹೋದ ಆ ನಲವತ್ತು ಪುಟಗಳನ್ನು, ಬರೆದ ವಕೀಲನ ನಂತರ ಓದಿದ ಮೊದಲ ಮನುಷ್ಯ ಬಹುಶಃ ನಮ್ಮ ಮಾಮಾನೇ. ಕೆಂಪು ಪೆನ್ನಿನಿಂದ ಗುರುತು ಹಾಕುತ್ತ ಓದಿದ.

ಅತ್ತೆಗೆ ಈ ಕತೆ ಇನ್ನೂ ಗೊತ್ತಿರಲಿಲ್ಲ. ಗಂಡನ ಚೀಲದಲ್ಲಿ ‘ಸ್ವಾಗತ ಬೋನಸ್’ ಎಂದು ಬಣ್ಣಬಣ್ಣವಾಗಿ ಹೊಳೆಯುವ ಹಾಳೆ ಸಿಕ್ಕಿ, ಮುಖ ಇಳಿಸಿಕೊಂಡು ನನ್ನ ಕೋಣೆಗೆ ಬಂದಳು. ಮಾಮಾ ದಾರಿ ತಪ್ಪಿದ್ದಾನೆಂದು ಅವಳ ಅನುಮಾನ. ಇಬ್ಬರೂ ಹಾಲಿಗೆ ಹೋಗಿ ಇಣುಕಿದೆವು. ಮಾಮಾ ಆ ಚಿತ್ರದ ಮೇಲೆ ಸ್ಕೇಲಿಟ್ಟು ಗುಂಡಿಗಳ ಉದ್ದಗಲ ಅಳೆಯುತ್ತಿದ್ದ. ದಾರಿ ತಪ್ಪುವ ಗಂಡಸು ಸ್ಕೇಲು ಹಿಡಿದು ತಪ್ಪುತ್ತಾನೆಯೇ? ಅತ್ತೆ ನಿಟ್ಟುಸಿರು ಬಿಟ್ಟು ಅಡುಗೆಮನೆಗೆ ಹೋದಳು. ಸಮಾಧಾನದ ಜೊತೆಗೆ ತುಸು ನಿರಾಸೆಯೂ ಆದಂತೆ ನನಗೆ ಕಂಡಿತು.

ಮಾಮಾನ ಅಳತೆಯ ಪ್ರಕಾರ ಹಣ ತುಂಬುವ ಗುಂಡಿ ಹಸಿರು, ಹೆಬ್ಬೆರಳಿನಷ್ಟು ಅಗಲ, ಪ್ರತಿ ಪುಟದಲ್ಲೂ ಇದೆ. ಹಣ ಹೊರತೆಗೆಯುವ ಗುಂಡಿ ಬೂದು ಬಣ್ಣದ್ದು, ಮೂರು ಪುಟ ದಾಟಿದ ಮೇಲೆ, ಒಂದು ಮೂಲೆಯಲ್ಲಿ. ಅಲ್ಲಿಗೆ ಮುಟ್ಟಿದರೆ ಪಾಸ್‌ಪೋರ್ಟು ತೋರಿಸು, ವಿಳಾಸ ತೋರಿಸು, ಮುಖದ ಫೋಟೊ ಕಳಿಸು, ಕಾಯಿ. ಒಳಗೆ ಬರುವಾಗ ಇದಾವುದನ್ನೂ ಕೇಳಿರಲಿಲ್ಲ. ಬೋನಸ್ ಪಡೆದಿದ್ದರಂತೂ ಅದರ ಮೂವತ್ತೈದು ಪಟ್ಟು ಆಡಿ ಮುಗಿಸುವ ತನಕ ಒಂದು ಬಿಡಿಗಾಸೂ ಹೊರಗೆ ಬರುವುದಿಲ್ಲ.

“ಒಳಗ ಬರೋ ಬಾಗಲಾ ಹತ್ತು ಫೂಟು, ಹೊರಗ ಹೋಗೋದು ಒಂದು ಫೂಟು” ಎಂದು ಮಾಮಾ ತೀರ್ಪು ಕೊಟ್ಟ. “ಅದೂ ಮೂವತ್ತೈದು ಸುತ್ತು ಹಾಕಿದ ಮ್ಯಾಲೆ ತಗೀತದ. ಬೆಂಕಿ ಬಿದ್ರ ಮಂದಿ ಏನ ಮಾಡಬೇಕವಾ?”

ನಾನು ಬಿಡುವವಳೇ? ಎದುರುಪಕ್ಷ ವಹಿಸಿದೆ. ಇದು ಕಳಪೆ ಕ್ಯಾಸಿನೊ, ಒಳ್ಳೆಯದನ್ನು ಆರಿಸಿಕೊಳ್ಳಬೇಕಿತ್ತು ಎಂದೆ. ಸುರಕ್ಷಿತ ಕ್ಯಾಸಿನೊ ಆರಿಸುವುದು ಹೇಗೆಂದು ಉಪದೇಶಿಸುವ ಲೇಖನವೊಂದನ್ನು ಹುಡುಕಿ ಗಟ್ಟಿಯಾಗಿ ಓದಿದೆ. ಪರವಾನಗಿ ಇದೆಯೇ ನೋಡಿ, ಎಂದಿತ್ತು. ಮಾಮಾ ಹಾಳೆ ತಿರುವಿ ತೋರಿಸಿದ: ಇದಕ್ಕೂ ಪರವಾನಗಿ ಇದೆ, ಯಾವುದೋ ದ್ವೀಪದ್ದು. ದೂರು ಕೊಡಬೇಕಾದರೆ ಆ ದ್ವೀಪದ ಕೋರ್ಟಿಗೇ ಹೋಗಬೇಕೆಂದು ಮೂವತ್ತೊಂದನೆಯ ಪುಟದಲ್ಲಿದೆ. ಮಲ್ಲಪ್ಪನಿಗೆ ಈಜು ಬರುತ್ತದೆಯೇ?

ತಜ್ಞರ ವಿಮರ್ಶೆ ಓದಿ, ಎಂದಿತ್ತು. ಆ ಲೇಖನದ ಬುಡದಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಿದ್ದವು: ಓದುಗರು ಇಲ್ಲಿಂದ ಹೋಗಿ ಆಡಿದರೆ ಕ್ಯಾಸಿನೊಗಳಿಂದ ನಮಗೆ ಕಮಿಷನ್ ಬರುತ್ತದೆ. ಮಾಮಾ ಕನ್ನಡಕ ತೆಗೆದು ನನ್ನನ್ನೇ ನೋಡಿದ. “ಇನ್‌ಸ್ಪೆಕ್ಟರಗ ಪಗಾರ ಕಾಂಟ್ರ್ಯಾಕ್ಟರ್ ಕೊಡ್ತಾನೇನು?”

ಕೊನೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಯಂತ್ರದಲ್ಲಿ ಮೋಸವಿಲ್ಲ. ಪ್ರತಿ ಸುತ್ತನ್ನೂ ಕಂಪ್ಯೂಟರು ಕುರುಡಾಗಿ ಎತ್ತುವ ಅಂಕಿಗಳೇ ನಿರ್ಧರಿಸುತ್ತವೆ, ಹಿಂದಿನ ಸುತ್ತಿನ ನೆನಪೂ ಅದಕ್ಕಿಲ್ಲ, ಹೊರಗಿನವರು ಪರೀಕ್ಷಿಸಿ ಮುದ್ರೆ ಒತ್ತಿದ್ದಾರೆ. ನೂರು ಹಚ್ಚಿದರೆ ಸರಾಸರಿ ತೊಂಬತ್ತಾರು ವಾಪಸು ಎಂದು ಬಹಿರಂಗವಾಗಿ ಬರೆದುಕೊಂಡಿದ್ದಾರೆ. ಇದಕ್ಕಿಂತ ಪ್ರಾಮಾಣಿಕತೆ ಬೇಕೆ?

“ಮೋಸ ಅದ ಅಂತ ನಾ ಎಲ್ಲೆ ಅಂದೆ?” ಅಂದ ಮಾಮಾ. “ನೂರು ಸಲ ಎತ್ತಿದ್ರ ತೊಂಬತ್ತಾರು ಸಲ ಸುರಳೀತ ಇಳಸ್ತೈತಿ ಅಂತ ಒಂದು ಕ್ರೇನ್ ತಂದು ನಿಲ್ಲಸ್ತಾರ. ಖರೇನ ಹೇಳ್ಯಾರ. ಪಾಸ್ ಮಾಡ್ಲೇನು?”

ಅಡುಗೆಮನೆಯಿಂದ ಅತ್ತೆ ನಕ್ಕಿದ್ದು ಕೇಳಿಸಿತು. ಆಡಿದವರಿಗೆ ವಾಪಸು ಬಂದ ಹಣ ಜೇಬಿಗೆ ಹೋಗದೆ ಮತ್ತೆ ಅದೇ ಯಂತ್ರಕ್ಕೆ ಹೋಗುತ್ತದೆ. ತೊಂಬತ್ತಾರರಲ್ಲಿ ಮತ್ತೆ ನಾಲ್ಕು ಪಾಲು ಕಡಿತ, ಉಳಿದದ್ದರಲ್ಲಿ ಮತ್ತೆ. ಹೀಗೆ ಸವೆಸುವವನಿಗೆ ಮೋಸ ಮಾಡುವ ಅಗತ್ಯವಾದರೂ ಏನಿದೆ? ಈ ಲೆಕ್ಕ ನನಗೂ ಗೊತ್ತಿತ್ತು. ಆದರೆ ಎದುರುಪಕ್ಷದಲ್ಲಿ ಕೂತವರು ಅದನ್ನು ಹೇಳುವುದಿಲ್ಲ.

ಎರಡನೆಯ ಶುಕ್ರವಾರ ಮಲ್ಲಪ್ಪ ಮನೆಗೆ ಬಂದ. ಸೈಟಿನಲ್ಲಿ ಎತ್ತರದ ಕೋಣೆಯಲ್ಲಿ ಕೂತು ಕೆಲಸ ಮಾಡುವವನು ನಮ್ಮ ಸೋಫಾದ ತುದಿಯಲ್ಲಿ ಇಷ್ಟೇ ಇಷ್ಟು ಜಾಗದಲ್ಲಿ ಕೂತ. ಜೂಜಿನ ಅನರ್ಥದ ಮೇಲೆ ನಾನು ಮೂರು ನಿಮಿಷದ ಭಾಷಣ ತಯಾರು ಮಾಡಿಟ್ಟಿದ್ದೆ, ಮಾಡಿಯೂ ಮಾಡಿದೆ. ಪ್ರತಿ ವಾಕ್ಯಕ್ಕೂ ಅವನು “ಹೌದ್ರಿ ಮೇಡಮ್” ಎಂದ. ಹೌದು ಎನ್ನುವವನನ್ನು ಸೋಲಿಸುವುದು ಹೇಗೆ? ಅವನು ನಾಲ್ಕು ತಿಂಗಳಿಂದ ತನಗೆ ತಾನೇ ಇದಕ್ಕಿಂತ ಒಳ್ಳೆಯ ಭಾಷಣ ಮಾಡಿಕೊಂಡಿದ್ದ.

ಮಾಮಾ ಒಂದೇ ಪ್ರಶ್ನೆ ಕೇಳಿದ: ಸೋತ ಮೇಲೂ ಮತ್ತೆ ಯಾಕೆ ಒತ್ತುತ್ತೀ?

ಮಲ್ಲಪ್ಪ ಮೊದಲ ಬಾರಿ ತಲೆಯೆತ್ತಿದ. “ಪೂರಾ ಸೋತ್ರ ಬಿಡತಿದ್ನೇನೋರಿ ಸರ. ಮೂರು ಗಾಲಿ ತಿರಗತಾವ್ರಿ, ಮೂರರಾಗೂ ಏಳು ಬಂದ್ರ ಗೆದ್ದಂಗ. ಏಳು, ಏಳು ಬಂದು ನಿಲ್ತದ. ಮೂರನೇದು ಏಳು ಇನ್ನೇನು ಬಂತು ಅನ್ನೂದ್ರಾಗ ಒಂದ ಮನಿ ಮುಂದ ಹೋಗಿಬಿಡತದ್ರಿ. ಇಷ್ಟರಾಗ ತಪ್ತಲ್ಲ ಅಂತ ಮತ್ತೊಮ್ಮೆ ಒತ್ತತೇನ್ರಿ.”

ಮಾಮಾ ಬೆನ್ನು ನೆಟ್ಟಗೆ ಮಾಡಿ ಕೂತ. “ಇಷ್ಟರಾಗ ತಪ್ಪಿತು” ಎಂದು ನಿಧಾನವಾಗಿ ಹೇಳಿಕೊಂಡ. “ಮಲ್ಲಪ್ಪ, ಸೈಟಿನ್ಯಾಗ ಇದಕ್ಕ ಏನಂತೀವೋ?”

“ನಿಯರ್ ಮಿಸ್‌ರಿ ಸರ.”

“ನಿಯರ್ ಮಿಸ್ ಆದ್ರ ಏನ ಮಾಡ್ತೀವಿ?”

ಮಲ್ಲಪ್ಪ ಜೇಬಿನಿಂದ ಮೊಬೈಲು ತೆಗೆದ. ಹನ್ನೊಂದು ವರ್ಷಗಳಿಂದ ದಿನಾ ಬೆಳಗಿನ ಸಭೆಯಲ್ಲಿ ಮಾಮಾನ ಎದುರು ನಿಂತು, ಸುಸ್ತಾಗುವಷ್ಟು ಸಲ ಒಪ್ಪಿಸಿದ ಉತ್ತರವದು. ಕೆಲಸ ನಿಲ್ಲಿಸುತ್ತೇವೆ.

“ಅಲ್ಲೆ ಅದನ್ನ ಬೇಕಂತ ಮಾಡಿ ಇಟ್ಟಾರ” ಅಂದ ಮಾಮಾ. “ನಾವು ನಿಲ್ಲಸಾಕ ಕಲಸ್ತೀವಿ. ಅವರು ಅದನ್ನ ತೋರ್ಸಿ ಮತ್ತ ಒತ್ತಸ್ತಾರ.”

ಮಲ್ಲಪ್ಪ ಕಣ್ಣೊರೆಸಿಕೊಳ್ಳಲಿಲ್ಲ, ಆಣೆ ಮಾಡಲಿಲ್ಲ. ಆಡುತ್ತಿದ್ದ ಖಾತೆಯನ್ನು ಅಲ್ಲೇ ಕೂತು ಮುಚ್ಚತೊಡಗಿದ. ಮುಚ್ಚುವ ಗುಂಡಿ ಹುಡುಕುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಮಾಮಾ ಆ ಹೊತ್ತನ್ನೂ ಬರೆದಿಟ್ಟುಕೊಂಡ.

ಆದರೆ ವರದಿ? ಕ್ಯಾಸಿನೊದವರು ಮಾಡಿದ ಮೆಟ್ಟಿಲು ಎಷ್ಟು ಕೆಟ್ಟದ್ದಾದರೂ ಅದನ್ನು ಕಾಗದದಲ್ಲಿ ಹೆಸರಿಸುವ ಹಾಗಿಲ್ಲ. ಹೆಸರಿಸದಿದ್ದರೆ ಉಳಿಯುವುದು ಮಲ್ಲಪ್ಪನ ನಿರ್ಲಕ್ಷ್ಯವೊಂದೇ. ನನ್ನ ತರ್ಕದ ಪ್ರಕಾರ ಮೂರನೆಯ ದಾರಿಯೇ ಇರಲಿಲ್ಲ. ಏನು ಬರೆದೆ ಎಂದು ಕೇಳಿದರೆ ಮಾಮಾ, “ಬರದು ಕೊಟ್ಟೆ” ಎಂದಷ್ಟೇ ಹೇಳಿ ಎದ್ದುಹೋದ. ಒಂದು ವಿಷಯವನ್ನು ಐದು ಸಲ ಕೆದಕುವ ಮನುಷ್ಯ!

ಮೂರನೆಯ ಶುಕ್ರವಾರ ಮಲ್ಲಪ್ಪ ಮತ್ತೆ ಬಂದ, ಕೈಯಲ್ಲಿ ಖರ್ಜೂರದ ಡಬ್ಬಿ. ಮಾಮಾ ಸ್ನಾನಕ್ಕೆ ಹೋಗಿದ್ದ. ಮಲ್ಲಪ್ಪ ಅತ್ತೆಗೂ ನನಗೂ ಹೇಳಿದ: ನೌಕರಿ ಉಳಿದಿದೆ. ಮೂರು ತಿಂಗಳು ಕ್ರೇನ್ ಹತ್ತುವ ಹಾಗಿಲ್ಲ, ಉಗ್ರಾಣದಲ್ಲಿ ಕೆಲಸ. ಅದು ಹೇಗೆ ಸಾಧ್ಯವಾಯಿತೆಂದು ನಾನು ಕೇಳಿದೆ. ಅವನು ಅತ್ತೆಯ ಮುಖ ನೋಡಿದ, ನನ್ನ ಮುಖ ನೋಡಿದ.

“ಸರ ಮನ್ಯಾಗ ಹೇಳಿಲ್ಲೇನ್ರಿ? ಸರಳಿನ ಕಟ್ಟು ಹಾದು ಹೋಗಿದ್ದು ಸರ ಅವರ ತಲಿ ಬಾಜೂನ್ರಿ.”

ಯಾರೋ ಕುಡಿದು ಎಸೆದ ನೀರಿನ ಬಾಟಲಿಯೊಂದು ಅಲ್ಲಿ ಬಿದ್ದಿತ್ತಂತೆ. ಯಾರಾದರೂ ಕಾಲಿಟ್ಟು ಜಾರಿಯಾರು ಎಂದು ಮಾಮಾ ಅದನ್ನು ಎತ್ತಲು ಹೋಗಿದ್ದನಂತೆ, ತೂಗುವ ಭಾರದ ಕೆಳಗೆ. ವರದಿಯಲ್ಲಿ ಎರಡು ತಪ್ಪುಗಳನ್ನು ಬರೆದಿದ್ದ. ಆಪರೇಟರ್ ನಿದ್ದೆಗೆಟ್ಟು ಬಂದಿದ್ದ, ಎಂಬುದು ಎರಡನೆಯದು. ನಿಲ್ಲಬಾರದ ಜಾಗದಲ್ಲಿ ಸೇಫ್ಟಿ ಆಫೀಸರ್ ನಿಂತಿದ್ದ, ಎಂಬುದು ಮೊದಲನೆಯದು. ಮೊದಲನೆಯ ತಪ್ಪಿನವನನ್ನು ಇಟ್ಟುಕೊಂಡು ಎರಡನೆಯವನನ್ನು ಮಾತ್ರ ಕಳಿಸುವುದು ಕಂಪನಿಗೆ ಆಗಲಿಲ್ಲ. ಮಾಮಾನಿಗೆ ಎಚ್ಚರಿಕೆಯ ಪತ್ರ ಸಿಕ್ಕಿದೆ, ಇಪ್ಪತ್ತು ವರ್ಷಗಳಲ್ಲಿ ಮೊದಲನೆಯದು.

ವಕೀಲಬಾಯಿ ಎದ್ದು ಮಲ್ಲಪ್ಪನಿಗೆ ನೀರು ತಂದುಕೊಟ್ಟಳು.

ಮಾಮಾ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ. ನಮ್ಮ ಮೂವರ ಮುಖ ನೋಡಿ ಅವನಿಗೆ ಗೊತ್ತಾಯಿತು. ಏನೂ ಆಗಿಲ್ಲ, ಬರೀ ನಿಯರ್ ಮಿಸ್ಸು ಎಂದು ಗೊಣಗಿದ. ಅತ್ತೆ ಎದ್ದು ಅವನ ಹತ್ತಿರ ಹೋದಳು. ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ.

“ಎಷ್ಟ ದೂರ ಇತ್ರಿ?” ಅಂದಳು.

“ಒಂದು ಗೇಣು.”

ಅತ್ತೆ ಅವನ ಒದ್ದೆ ತಲೆಯ ಪಕ್ಕಕ್ಕೆ ಕೈ ಒಯ್ದು, ಬೆರಳುಗಳನ್ನು ಅಗಲಿಸಿ, ಗಾಳಿಯಲ್ಲಿ ಒಂದು ಗೇಣು ಅಳೆದಳು. ಅಳೆದ ಮೇಲೂ ಆ ಕೈಯನ್ನು ಕೆಳಗಿಳಿಸಲಿಲ್ಲ.