ದವಡೆಯೊಳಗಿನ ಪೊರೆ, ಕೈಯೊಳಗಿನ ನಡುಕ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದವರು ಹೆದರುವುದು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ನಿಂತ ಡಾಕ್ಟ್ರು ಹೆದರುವುದು ಯಾರಿಗೂ ಗೊತ್ತಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಮೂಡುಬಿದಿರೆಯಲ್ಲಿ ನಾನು ಇಂಪ್ಲಾಂಟ್, ಅಂದರೆ ದವಡೆಗೆ ತಿರುಪು ಕೂರಿಸಿ ಹಲ್ಲು ಕಟ್ಟುವ ಕೆಲಸ, ಶುರುಮಾಡಿದ ಮೇಲಂತೂ ಆ ಹೆದರಿಕೆಗೆ ಬಿಡುವೇ ಇರಲಿಲ್ಲ. ದವಡೆಯ ಎಲುಬು ಸವೆದಿದ್ದರೆ ಅಲ್ಲಿ ಎಲುಬಿನ ಪುಡಿ ತುಂಬಿ, ಒಸಡು ಒಳನುಗ್ಗದಂತೆ ಮೇಲೊಂದು ತೆಳು ಪೊರೆ ಮುಚ್ಚಿ ಹೊಲಿಯಬೇಕು. ಪೊರೆ ಜರುಗಿತೋ, ತಿಂಗಳುಗಟ್ಟಲೆಯ ಕೆಲಸ ಹಾಳು.

ಚಳಿ

ಮೊದಲ ಪೊರೆ ಸಿದ್ಧಕಟ್ಟೆಯ ಹೋಟೆಲಿನವರೊಬ್ಬರಿಗೆ. ಅದನ್ನು ಅಳತೆಗೆ ಕತ್ತರಿಸುವಾಗ ನನ್ನ ಕೈ ನಡುಗಿತು. ಅವರು ನೋಡಿಬಿಟ್ಟರು.

"ಕೈ ಯಾಕೆ ಡಾಕ್ಟ್ರೇ, ಹೀಗೆ?"

"ಎಸಿಯ ಚಳಿ," ಎಂದೆ.

"ಕರೆಂಟ್ ಹೋಗಿ ಅರ್ಧ ಗಂಟೆ ಆಯ್ತಲ್ಲ ಮಾರಾಯ್ರೆ!"

ಮರದ ಸೌಟು

ಪುಂಜಾಲಕಟ್ಟೆಯ ಒಬ್ಬರು ದುಬೈಯಿಂದ ರಜೆಯಲ್ಲಿ ಬಂದು ಪೊರೆ ಹಾಕಿಸಿಕೊಂಡರು. "ಇದು ಯಾವುದರದ್ದು?" ಎಂದು ಅವರ ಹೆಂಡತಿ ಕೇಳಿದರು.

"ಟೆಫ್ಲಾನ್."

ಅವರು ಗಂಡನ ಬಾಯನ್ನೇ ನೋಡಿದರು. "ನಾನ್‌ಸ್ಟಿಕ್ ಕಾವಲಿಯದ್ದಾ?"

"ಹೌದು, ಅದೇ ಜಾತಿ. ಹೆದರಬೇಡಿ."

ವಾರದ ನಂತರ ಹೊಲಿಗೆ ಬಿಚ್ಚಲು ಬಂದಾಗ ಗಂಡ ಅಳುಮುಖದಲ್ಲಿ ಕೂತಿದ್ದರು. "ಡಾಕ್ಟ್ರೇ, ಇನ್ನಾದರೂ ಸ್ಟೀಲ್ ಚಮಚ ಆಗ್ತದಾ? ಗೀರು ಬೀಳ್ತದೆ ಅಂತ ಇವಳು ಗಂಜಿಯನ್ನು ಮರದ ಸೌಟಿನಲ್ಲೇ ಕುಡಿಸ್ತಾಳೆ."

ಡಬ್ಬಿ

ಬೆಳ್ತಂಗಡಿಯ ನನ್ನ ಹೆಡ್‌ಮಾಷ್ಟ್ರು. ಅವರೆದುರು ನನಗೆ ಈಗಲೂ ಕೂರಲು ಧೈರ್ಯವಿಲ್ಲ. ಅವರಿಗೆ ಪೊರೆ ಹೊಲಿದು ಐದನೇ ದಿನ ಫೋನ್ ಬಂತು.

"ನಿನ್ನ ಪೊರೆ ಹೊರಗೆ ಬಂತು!"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಮುಟ್ಟಬೇಡಿ ಸರ್!"

"ಮುಟ್ಟಿಯಾಯ್ತು. ಡಬ್ಬಿಯಲ್ಲಿ ಐಸು ತುಂಬಿ ಅದರಲ್ಲಿ ಹಾಕಿದ್ದೇನೆ. ಬರ್ತೇನೆ."

ಅವರು ಬರುವವರೆಗೆ ನಾನು ನೀರು ಕುಡಿದದ್ದೇ ಕುಡಿದದ್ದು. ಎಲುಬಿನ ಪುಡಿಯೆಲ್ಲ ಉದುರಿರಬಹುದು, ಕೀವು ಆಗಿರಬಹುದು. ಇಷ್ಟು ವರ್ಷದ ಮೇಲೆ ಮತ್ತೊಮ್ಮೆ ಅವರ ಕೈಯಲ್ಲಿ ನಪಾಸು!

ಬಂದರು. ಬಾಯಿ ತೆರೆಸಿ ನೋಡಿದೆ. ಹೊಲಿಗೆಗಳೆಲ್ಲ ಸರಿಯಾಗಿವೆ, ಒಸಡು ಮುಚ್ಚಿಯೇ ಉಂಟು. ಹಾಗಾದರೆ ಡಬ್ಬಿಯಲ್ಲಿ ಏನು?

ಐಸಿನ ನಡುವಿಂದ ಚಿಮಟದಲ್ಲಿ ಮೆಲ್ಲ ಎತ್ತಿದೆ. ಬೆಳ್ಳಗೆ, ತೆಳ್ಳಗೆ, ಅಲ್ಲಲ್ಲಿ ಸಣ್ಣ ತೂತು. ಬೆಳಕಿಗೆ ಹಿಡಿದು ನೋಡಿದೆ. ಮೂಸಿಯೂ ನೋಡಿದೆ.

"ಬೆಳಿಗ್ಗೆ ಏನು ತಿಂದಿರಿ ಸರ್?"

"ನೀನೇ ಹೇಳಿದ್ದಲ್ಲ, ಮೆತ್ತಗಿನದ್ದು. ನೀರುದೋಸೆ. ಇದನ್ನು ಪುನಃ ಹೊಲಿಯಲಿಕ್ಕೆ ಆಗ್ತದಾ?"

"ಸರ್," ಎಂದೆ ಹೆದರುತ್ತಲೇ, "ಇದಕ್ಕೆ ಹೊಲಿಗೆ ಬೇಡ, ಕೋಳಿಸಾರು ಸಾಕು."